ಲಕ್ ಒಂದು ಸೆಕೆಂಡು, ಬ್ಯಾಟರಿ ಹತ್ತು ವರ್ಷ

ನಮಸ್ಕಾರ. ಮೈಯೊಳಗೆ ಇಡೋ ಪೇಸ್‌ಮೇಕರ್ (ಹೃದಯ ಸರಿಯಾಗಿ ಮಿಡಿಯೋಕೆ ಕರೆಂಟಿನ ಮಿಡಿತ ಕೊಡೋ ಸಾಧನ) ಮಾಡಿದ ಅಮೆರಿಕದ ಇಂಜಿನಿಯರ್ ವಿಲ್ಸನ್ ಗ್ರೇಟ್‌ಬ್ಯಾಚ್ ಬಗ್ಗೆ ಕಳೆದ ಸಂಚಿಕೆಲಿ ಬಂದ ಲೇಖನ ಓದಿ ಬರೆದಿದ್ದೀರಿ, 'ಡಬ್ಬಿಗೆ ಕೈ ಹಾಕಿದಾಗ ತಪ್ಪು ರೆಸಿಸ್ಟರ್ ಬಂತು, ಪೇಸ್‌ಮೇಕರ್ ಆಯ್ತು, ಆಮೇಲೆ ವಿಜ್ಞಾನ ಬಿಟ್ಟು ಕಂಪನಿ ಮಾಲೀಕ ಆದ್ರು, ಇದರಲ್ಲಿ ಲಕ್ ಬಿಟ್ರೆ ಏನಿದೆ' ಅಂತ. ಖಾರವಾಗೇ ಬರೆದಿದ್ದೀರಿ, ಇರ್ಲಿ, ತಪ್ಪು ನಮ್ಮದೂ ಇದೆ. ರೆಸಿಸ್ಟರಿಗೆ (ಸರ್ಕ್ಯೂಟಲ್ಲಿ ಕರೆಂಟ್ ತಡೆಯೋ ಬಿಡಿಭಾಗ) ಅರ್ಧ ಪುಟ ಕೊಟ್ಟು ಬ್ಯಾಟರಿನ ಎರಡು ಸಾಲಲ್ಲಿ ಮುಗಿಸಿಬಿಟ್ವಿ.

ಲಕ್ ಇತ್ತು, ಇಲ್ಲ ಅನ್ನಲ್ಲ. ಹೃದಯದ ಸದ್ದು ರೆಕಾರ್ಡ್ ಮಾಡೋ ಸರ್ಕ್ಯೂಟಿಗೆ 10 ಕಿಲೋಓಮ್ ರೆಸಿಸ್ಟರ್ ಬದಲು ಅದರ ನೂರು ಪಟ್ಟಿನ 1 ಮೆಗಾಓಮ್ ಹಾಕಿಬಿಟ್ರು, ಅದು ಸೆಕೆಂಡಿಗೊಂದು ಸಲ ಮಿಡಿಯೋಕೆ ಶುರುವಾಯ್ತು. ಇನ್ಯಾರಾದ್ರೂ ಆಗಿದ್ರೆ ಕಿತ್ತು ಬಿಸಾಕ್ತಿದ್ರು. ಇವರಿಗೆ ಮಾತ್ರ 1951ರಲ್ಲೇ ಇಬ್ಬರು ಸರ್ಜನ್‌ಗಳ ಜೊತೆ ಊಟ ಮಾಡ್ತಾ ಹಾರ್ಟ್ ಬ್ಲಾಕ್ (ಮಿಡಿ ಅನ್ನೋ ವಿದ್ಯುತ್ ಸೂಚನೆ ಹೃದಯದ ಕೆಳಭಾಗಕ್ಕೆ ಸರಿಯಾಗಿ ತಲುಪದ ಕಾಯಿಲೆ) ಬಗ್ಗೆ ಕೇಳಿದ್ದು ತಲೇಲಿತ್ತು.

1958ರ ಮೇ 7ಕ್ಕೆ ಅಮೆರಿಕದ ಬಫಲೋದ ಮಾಜಿ ಸೈನಿಕರ ಆಸ್ಪತ್ರೆಲಿ ಡಾಕ್ಟರ್ ಚಾರ್ಡ್ಯಾಕ್ ಆ ಸರ್ಕ್ಯೂಟಿನ ಪೇಸ್‌ಮೇಕರನ್ನ ನಾಯಿಗೆ ಹಾಕಿ ನೋಡಿದ್ರು. ನಡೀತು, ಆದ್ರೆ ಸುತ್ತಿದ್ದು ಬರೀ ಎಲೆಕ್ಟ್ರಿಕಲ್ ಟೇಪು, ಮೈಯೊಳಗಿನ ನೀರು ನುಗ್ಗಿ ನಾಲ್ಕೇ ಗಂಟೆಲಿ ಕೆಟ್ಟೋಯ್ತು. ಆಮೇಲೆ ಗ್ರೇಟ್‌ಬ್ಯಾಚ್ ಕೆಲಸ ಬಿಟ್ಟು, 2000 ಡಾಲರ್ ಉಳಿತಾಯ ಇಟ್ಕೊಂಡು, ಮನೆ ಹಿಂದಿನ ಕೊಟ್ಟಿಗೇಲಿ ಎರಡು ವರ್ಷ ಕೂತು ಕೈಯಾರೆ 50 ಪೇಸ್‌ಮೇಕರ್ ಮಾಡಿದ್ರು, 40 ಪ್ರಾಣಿಗಳಿಗೆ ಹೋಯ್ತು, 10 ಮನುಷ್ಯರಿಗೆ. ಹೆಂಡತಿ ಎಲಿನಾರ್ ಮನೇಲೇ ಟ್ರಾನ್ಸಿಸ್ಟರ್ ಟೆಸ್ಟ್ ಮಾಡಿಕೊಡ್ತಿದ್ರು (ಅವರ ಹೆಸರೂ ನಮ್ಮ ಲೇಖನದಲ್ಲಿ ಬಿಟ್ಟೋಗಿತ್ತು, ಅದಕ್ಕೆ ನೀವು ಬೈದಿದ್ರೆ ಸರಿಯಾಗಿರ್ತಿತ್ತು). ಪೇಸ್‌ಮೇಕರ್ ತಯಾರಿಸೋ ಲೈಸೆನ್ಸ್ ಮೆಡ್‌ಟ್ರಾನಿಕ್ ಅನ್ನೋ ಕಂಪನಿಗೆ ಕೊಟ್ಟಾಗಲೂ ಒಂದೊಂದು ಡ್ರಾಯಿಂಗಿಗೆ, ಒಂದೊಂದು ಬದಲಾವಣೆಗೆ ತಮ್ಮ ಸಹಿ ಬೇಕು ಅಂತ ಷರತ್ತು ಹಾಕಿದ್ರು.

ಈಗ ಕಂಪನಿ ವಿಷಯಕ್ಕೆ ಬರ್ತೀನಿ. ಆಗಿನ ಮರ್ಕ್ಯುರಿ ಬ್ಯಾಟರಿ ಸುಮಾರು ಎರಡು ವರ್ಷಕ್ಕೆ ಖಾಲಿ, ಖಾಲಿ ಆದ್ರೆ ಮತ್ತೆ ಆಪರೇಷನ್ನು, ಅದೂ ಸಾಲದು ಅಂತ ಅದರಿಂದ ಹೈಡ್ರೋಜನ್ ಗ್ಯಾಸ್ ಬರ್ತಿತ್ತು, ಹಾಗಾಗಿ ಪೇಸ್‌ಮೇಕರನ್ನ ಗಾಳಿ ಆಡದ ಹಾಗೆ ಪೂರ್ತಿ ಸೀಲ್ ಮಾಡೋಕೇ ಆಗ್ತಿರ್ಲಿಲ್ಲ, ಸೀಲ್ ಇಲ್ಲ ಅಂದ್ರೆ ಮತ್ತದೇ ನಾಯಿಗೆ ಆದ ಕತೆ, ಒಳಗೆ ತೇವ. ಹೃದಯದ ಸರ್ಕ್ಯೂಟ್ ಮಾಡಿದ ಮನುಷ್ಯ 1970ರಲ್ಲಿ ಬ್ಯಾಟರಿ ಕಂಪನಿ ಶುರುಮಾಡಿದ್ದು ಇದಕ್ಕೇ. ಲಿಥಿಯಂ ಅಯೋಡಿನ್ ಬ್ಯಾಟರಿ ಅವರು ಕಂಡುಹಿಡಿದಿದ್ದಲ್ಲ, ಬೇರೆಯವರದ್ದು, ಅದನ್ನ ಮೈಯೊಳಗೆ ಇಡೋಕೆ ಲಾಯಕ್ ಆಗೋ ಹಾಗೆ ತಿದ್ದಿದ್ದು ಇವರು. ಗ್ಯಾಸ್ ಇಲ್ಲ, ಸೀಲ್ ಮಾಡಬಹುದು, ಎಷ್ಟೋ ವರ್ಷ ಬಾಳಿಕೆ. 1972ರಲ್ಲಿ ಮೊದಲ ಸಲ ರೋಗಿಗೆ ಹಾಕಿದ್ದು ಇಟಲಿಲಿ.

ಇದನ್ನ ವಿಜ್ಞಾನ ಬಿಟ್ಟಿದ್ದು ಅಂತೀರಾ? ನನಗಂತೂ ಅದೇ ಕೊಟ್ಟಿಗೆ ಕೆಲಸ ಮುಂದುವರಿದ ಹಾಗೆ ಕಾಣುತ್ತೆ, ಬಾಗಿಲ ಮೇಲೆ ಬೋರ್ಡ್ ಬಂತು ಅಷ್ಟೇ. ನಿಮಗೆ ಒಪ್ಪಿಗೆ ಇಲ್ಲದಿದ್ರೆ ಇನ್ನೊಂದು ಪತ್ರ ಹಾಕಿ, ಅದನ್ನೂ ಅಚ್ಚು ಮಾಡ್ತೀವಿ.

— ಸಂ.