ಮರಿ ತಂದವರು ಯಾರು, ನೆಲ ಒರೆಸುವವರು ಯಾರು

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಇಲ್ಲಿ ಬರುವ ಹೆಂಡತಿಯ ಒಪ್ಪಿಗೆಯಿದೆ, ಗಂಡನದೂ ಇದೆ. ಮನೆಗೆ ನಾಯಿಮರಿ ಬಂದ ಮೇಲೆ ಹೆಂಡತಿಗೆ ಸಿಟ್ಟು ಜಾಸ್ತಿಯಾಗಿದೆ, ಸ್ವಲ್ಪ ಬುದ್ಧಿ ಹೇಳಿ ಎಂದು ಶಿವಮೊಗ್ಗದ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಕಳುಹಿಸುವ ಮನೆಗಳು ಈಚೆಗೆ ಹೆಚ್ಚುತ್ತಿವೆ. ಒಂದು ಪ್ರಕರಣವನ್ನಾದರೂ ಬರೆದಿಡಬೇಕು ಅನ್ನಿಸಿದೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಗಂಡ, ಹೆಂಡತಿ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಿಂದೆ ಸಾಕಿದ್ದ ನಾಯಿಯನ್ನು ಚಿರತೆ ಅಂಗಳದಿಂದಲೇ ಹೊತ್ತೊಯ್ದಿತ್ತು. ಹಾಗಾಗಿ ಈ ಸಲದ್ದು ಮನೆಯೊಳಗೇ ಬೆಳೆಯಲಿ ಎಂದು ಗಂಡ ತೀರ್ಮಾನಿಸಿದ್ದರು. ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದಾಗ, ತಂಗಿಯ ಮನೆಯ ಕೊಟ್ಟಿಗೆಯಲ್ಲಿ ಹುಟ್ಟಿದ ಎರಡು ತಿಂಗಳ ಮರಿಯನ್ನು ತಂದರು.

ಮೊದಲ ಸಲ ಆಕೆ ಒಬ್ಬರೇ ಬಂದಿದ್ದರು. "ಮರಿಗೆ ಪೊರಕೆಯಲ್ಲಿ ಹೊಡೆದೆ ಮೇಡಂ. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಒಂದು ಮೂಕಪ್ರಾಣಿಗೆ ಹೊಡೆಯುವಷ್ಟು ಕೆಟ್ಟವಳಾದೆನಲ್ಲ" ಎಂದರು. ನಿದ್ದೆ, ಊಟ, ಹಳೆಯ ಕಾಯಿಲೆ ಎಲ್ಲ ವಿಚಾರಿಸಿದೆ. ದಣಿವು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮುಂದಿನ ಸಲ ಗಂಡನೂ ಬರಬೇಕು ಎಂದು ಹೇಳಿ ಕಳುಹಿಸಿದೆ.

ಬಂದರು. ಒಳ್ಳೆಯ ಮನುಷ್ಯ, ಹೆಂಡತಿಯ ಬಗ್ಗೆ ಕಾಳಜಿ ಇದ್ದವರೇ. ಮಾತು ಶುರುವಾದ ಕೂಡಲೇ ಆಕೆ ಹೇಳಿದ್ದು: "ಎಲ್ಲರನ್ನೂ ಕಂಡರೆ ಅದು ಬಾಲ ಅಲ್ಲಾಡಿಸುತ್ತದೆ. ನನ್ನನ್ನು ಕಂಡರೆ ಮಾತ್ರ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ." ಗಂಡ, "ಇವಳ ದನಿಗೇ ಹೆದರುತ್ತದೆ ಮೇಡಂ, ಸ್ವಲ್ಪ ಸಮಾಧಾನ ಕಲಿಸಿಕೊಡಿ" ಎಂದರು.

ನಾನು ಅವರನ್ನೇ ಕೇಳಿದೆ: "ಮರಿ ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ?"

"ನಾಲ್ಕೈದು ಸಲ ಇರಬಹುದು."

ಆಕೆ ತಲೆ ಎತ್ತದೆ ಹೇಳತೊಡಗಿದರು. "ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಬಾಗಿಲ ಬಳಿಯ ಗೋಣಿಚೀಲದ ಮೇಲೆ. ಗಂಜಿ ಕುಡಿದು ಹತ್ತು ನಿಮಿಷಕ್ಕೆ ಜಗಲಿಯ ಕಂಬದ ಬುಡದಲ್ಲಿ. ಮಕ್ಕಳು ಶಾಲೆಗೆ ಹೊರಡುವ ಮೊದಲು ಅದನ್ನು ಕುಣಿಸುತ್ತಾರೆ, ಅವರು ಮೆಟ್ಟಿಲಿಳಿದ ಮೇಲೆ ನಡುಮನೆಯಲ್ಲಿ. ಮಧ್ಯಾಹ್ನ ಮಲಗಿ ಎದ್ದರೆ ಮತ್ತೆ. ಹೊಯ್ಯುವ ಮುಂಚೆ ನೆಲ ಮೂಸುತ್ತಾ ಒಂದೆರಡು ಸುತ್ತು ಹೊಡೆಯುತ್ತದೆ. ಬರೀ ನೆಲಕ್ಕಿಂತ ಗೋಣಿ, ಕಂಬಳಿ ಸಿಕ್ಕಿದರೆ ಅದರ ಮೇಲೇ."

ನಾಯಿಮರಿಗೆ ಶೌಚದ ಅಭ್ಯಾಸ ಮಾಡಿಸುವ ಮೊದಲ ಪಾಠ ಇಷ್ಟೇ. ನಿದ್ದೆಯಿಂದ ಎದ್ದಾಗ, ತಿಂದಾದ ಮೇಲೆ, ಆಡಿ ದಣಿದ ಮೇಲೆ ಹೊರಗೆ ಒಯ್ಯಬೇಕು. ಮೂಸಿ ಸುತ್ತುವುದನ್ನು ಗಮನಿಸಬೇಕು. ಅದೆಲ್ಲವನ್ನೂ ಆಕೆ ಯಾರೂ ಹೇಳಿಕೊಡದೆ ನೋಡಿಯೇ ಕಲಿತಿದ್ದರು. "ಇಷ್ಟು ಗೊತ್ತಿದ್ದೂ ಆ ಹೊತ್ತಿಗೆ ಸರಿಯಾಗಿ ಹೊರಗೆ ಕರೆದುಕೊಂಡು ಹೋಗಲು ಏನು ತೊಡಕು?" ಎಂದು ಕೇಳಿದೆ.

"ಆ ಹೊತ್ತಿಗೆಲ್ಲ ನನ್ನ ಕೈಯಲ್ಲಿ ಏನಾದರೂ ಇರುತ್ತದೆ ಮೇಡಂ. ದೋಸೆ ಸಟ್ಟುಗ, ಹಾಲಿನ ಚೊಂಬು, ಅತ್ತೆಯ ಮಾತ್ರೆ. ಇವರ ಕೈಯಲ್ಲಿ ಮೊಬೈಲ್ ಇರುತ್ತದೆ."

ಗಂಡ, "ಹೇಳಿದ್ದರೆ ಮಾಡುತ್ತಿದ್ದೆನಲ್ಲ" ಎಂದರು. ಈ ಮಾತನ್ನು ನಾನು ಹಾಗೆಯೇ ಹೋಗಲು ಬಿಡುವುದಿಲ್ಲ. "ಹೇಳಬೇಕಾದದ್ದು ಮರಿ. ಅದು ದಿನವಿಡೀ ನೆಲ ಮೂಸಿ ಹೇಳುತ್ತಲೇ ಇದೆ" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವರು, "ಇಷ್ಟೊಂದು ಕಷ್ಟವಾದರೆ ವಾಪಸು ಕೊಟ್ಟುಬಿಡುತ್ತೇನೆ" ಎಂದರು. ಔದಾರ್ಯದ ಮಾತಿನಂತೆ ಕೇಳಿಸುತ್ತದೆ. ಕೊಟ್ಟರೆ ಮಕ್ಕಳ ಕಣ್ಣಿನಲ್ಲಿ ಮರಿಯನ್ನು ಓಡಿಸಿದವಳು ಯಾರಾಗುತ್ತಾಳೆ? ಆ ಭಾರವನ್ನೂ ಆಕೆಯೇ ಹೊರಬೇಕೇ ಎಂದು ನೇರವಾಗಿಯೇ ಕೇಳಿದೆ.

ಆಮೇಲೆ ಆಕೆಗೆ, ಮರಿಯ ಹತ್ತಿರ ಹೇಗೆ ಹೋಗುತ್ತೀರಿ, ಎದ್ದು ತೋರಿಸಿ ಎಂದೆ. ನನ್ನ ಮೇಜು ಒರೆಸುವ ಬಟ್ಟೆಯನ್ನು ಬಲಗೈಯಲ್ಲಿ ಮುದ್ದೆ ಮಾಡಿ ಹಿಡಿದರು. ಸೊಂಟದಿಂದ ಬಾಗಿ, ನೆಲದ ಮೇಲೆ ನೆಟ್ಟ ಕಣ್ಣು ಕೀಳದೆ, ಬಿರಬಿರನೆ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ತಾವೇ ನಿಂತರು. "ನಾನು ಯಾವಾಗಲೂ ಬಟ್ಟೆ ಹಿಡಿದೇ ಅದರ ಹತ್ತಿರ ಹೋಗುವುದು" ಎಂದರು.

ಮರಿಯ ಮೇಲೆ ಬಾಗಿ, ದಿಟ್ಟಿಸುತ್ತಾ, ಗದರುತ್ತಾ ಬಂದರೆ ಅದು ಕಿವಿ ಹಿಂದಕ್ಕೆ ಮಡಚಿ, ಮೈ ಕುಗ್ಗಿಸಿ, ನಿಂತಲ್ಲೇ ಮೂತ್ರ ಬಿಡುತ್ತದೆ. ಹಟವಲ್ಲ, ಸೇಡಲ್ಲ. 'ನಿನಗೆ ಶರಣು' ಎಂದು ನಾಯಿಗಳು ತಮ್ಮೊಳಗೆ ಹೇಳಿಕೊಳ್ಳುವ ಬಗೆ ಅದು. ಅದಕ್ಕೆ ಹೊಡೆದರೆ ಇನ್ನಷ್ಟು ಶರಣಾಗುತ್ತದೆ, ಇನ್ನಷ್ಟು ಮೂತ್ರ. ಹೆದರಿಸದೆ ಇದ್ದರೆ ಹೆಚ್ಚಿನ ಮರಿಗಳು ಬೆಳೆಯುತ್ತಾ ಇದನ್ನು ಬಿಡುತ್ತವೆ. ಒಂದು ವಾರ ನೀವು ಒರೆಸುವ ಬಟ್ಟೆ ಮುಟ್ಟಲೇಬಾರದು ಎಂದು ಆಕೆಗೆ ಹೇಳಿದೆ. ಮರಿಯ ಪಕ್ಕಕ್ಕೆ ಓರೆಯಾಗಿ ಕೂತು, ಕೈಯನ್ನು ತಲೆಯ ಮೇಲಿಂದ ತರದೆ ಗಲ್ಲದ ಕೆಳಗೆ ಚಾಚಿ, ಅದೇ ಹತ್ತಿರ ಬರಲಿ ಎಂದೆ. ಒರೆಸುವ ಬಟ್ಟೆ ಗಂಡನ ಕೈಗೆ ಹೋಯಿತು.

ಉಳಿದದ್ದನ್ನೂ ಅವರಿಗೇ ವಹಿಸಿದೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ ಮೂತ್ರ ತಡೆದೀತು ಎಂಬುದು ಸ್ಥೂಲ ಲೆಕ್ಕ. ಎರಡು ತಿಂಗಳಿನದಕ್ಕೆ ಹೆಚ್ಚೆಂದರೆ 3 ಗಂಟೆ, ಆಡುತ್ತಿದ್ದರೆ ಇನ್ನೂ ಕಡಿಮೆ. ಬೆಳಗಿನ ಮೊದಲ ಸಲ ಮತ್ತು ರಾತ್ರಿ ಎಚ್ಚರವಾಗಿ ಕುಂಯ್‌ಗುಟ್ಟಿದಾಗ ತಂದೆ, ಸಂಜೆ ಆಟವಾದ ಮೇಲೆ ಮಕ್ಕಳು. ರಾತ್ರಿಯಾದರೆ ಟಾರ್ಚ್ ಹಿಡಿದು ಜೊತೆಗೇ ಇರಬೇಕು, ಚಿರತೆಯ ಊರು. ಸರಿಯಾದ ಜಾಗದಲ್ಲಿ ಮುಗಿಸಿದ ಕ್ಷಣವೇ, ಅಲ್ಲಿಯೇ ಒಂದು ತುಣುಕು ತಿನಿಸು ಕೊಡಬೇಕು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತಾಗುತ್ತದೆ. ಒಳಗೆ ಹೊಯ್ಯುತ್ತಿರುವಾಗಲೇ ಕಂಡರೆ ಮೆಲ್ಲಗೆ ಕರೆದು ಎತ್ತಿ ಹೊರಗೆ ಒಯ್ಯಿರಿ. ಆಮೇಲೆ ಕಂಡರೆ ಒರೆಸಿ ಸುಮ್ಮನಾಗಿ. ಮೂಗು ತಿಕ್ಕುವ ಹಳೆಯ ಪದ್ಧತಿಯಿಂದ ಮರಿ ಕಲಿಯುವುದು ಒಂದೇ: ಮನುಷ್ಯರ ಕಣ್ಣಿಗೆ ಬೀಳದೆ ಪತ್ತಾಯದ ಹಿಂದೆ ಹೊಯ್ಯುವುದು.

ಮಳೆ ದೊಡ್ಡ ತೊಡಕಾಗಿತ್ತು. ಧೋ ಎಂದು ಸುರಿಯುವ ಅಂಗಳಕ್ಕೆ ಇಳಿಯಲು ಮರಿ ಒಪ್ಪುತ್ತಿರಲಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಕಾಲ ಕೆಳಗೆ ಏನಿತ್ತೋ ಅದರ ಮೇಲೇ ಹೊಯ್ಯಲು ಮರಿಗಳು ಇಷ್ಟಪಡುತ್ತವೆ. ಇದು ಕೊಟ್ಟಿಗೆಯ ದರಗಿನ, ಅಂದರೆ ಒಣ ಎಲೆಗಳ ಮೆತ್ತನೆಯ ಹಾಸಿನ ಮೇಲೆ ಹುಟ್ಟಿದ್ದು. ಗೋಣಿ, ಕಂಬಳಿ ಹುಡುಕುತ್ತಿದ್ದದ್ದು ಅದಕ್ಕೇ ಇರಬೇಕು. ಕೊಟ್ಟಿಗೆಯ ಮಾಡಿನ ಕೆಳಗೆ, ಇರಚಲು ಹೊಡೆಯದ ಮೂಲೆಯಲ್ಲಿ ಒಣ ದರಗು ಹರಡಿ, ಮೂತ್ರ ಒರೆಸಿದ ಬಟ್ಟೆಯ ಚೂರೊಂದನ್ನು ವಾಸನೆಗೆಂದು ಅಲ್ಲಿಡಲು ಹೇಳಿದೆ. ಒಳಗಿನ ನೆಲಕ್ಕೆ ಫಿನಾಯಿಲ್ ಬೇಡವೆಂದೆ. ಅದು ನಮ್ಮ ಮೂಗಿಗಷ್ಟೇ ವಾಸನೆ ಮುಚ್ಚುತ್ತದೆ, ನೆಕ್ಕಿದರೆ ಮರಿಗೆ ವಿಷ. ಒಣಬಟ್ಟೆಯಲ್ಲಿ ಹೀರಿಸಿ ಸೋಪಿನ ನೀರಿನಿಂದ ತೊಳೆಯಬೇಕು. ಮೂತ್ರದ ವಾಸನೆ ತೆಗೆಯುವ ಕಿಣ್ವದ ದ್ರಾವಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಪದೇ ಪದೇ ತೊಟ್ಟು ತೊಟ್ಟಾಗಿ ಹೊಯ್ದರೆ ಅಥವಾ ರಕ್ತ ಕಂಡರೆ ಪಶುವೈದ್ಯರಿಗೆ ತೋರಿಸಬೇಕು. ಲಸಿಕೆಗಳು ಮುಗಿಯುವವರೆಗೆ ಬೀದಿನಾಯಿ ಓಡಾಡುವ ಕಡೆ ಬಿಡಬಾರದು.

ಅತ್ತೆಗೆ ಮರಿ ದೇವರ ಮನೆ, ಅಡುಗೆಮನೆ ಕಡೆ ಸುಳಿಯುವುದು ಸಹಿಸದು. ಗಂಡ ಅದನ್ನು ಹಳೆಯ ಕಾಲದ ಹಟ ಎಂದಿದ್ದರು. ನನಗೆ ಹಾಗೆ ಕಾಣಲಿಲ್ಲ. ಅಭ್ಯಾಸವಾಗುವವರೆಗೆ ಮರಿಯ ಓಡಾಟ ಒಂದೆರಡು ಕೋಣೆಗೆ ಸೀಮಿತವಾಗಿರಬೇಕು. ಅತ್ತೆ ಹೇಳಿದ ಬಾಗಿಲಿಗೇ ಅಡ್ಡ ಹಲಗೆ ಇಡಿ ಎಂದೆ.

ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ದಾಂಪತ್ಯದ ಸಮಸ್ಯೆ ತಂದವರ ಜೊತೆ ನಾಯಿಯ ಉಚ್ಚೆಯ ಬಗ್ಗೆ ಇಡೀ ಭೇಟಿ ಕಳೆದಿರಾ ಎಂದು ಆಕ್ಷೇಪಿಸಿದರು. ಹೌದು, ಕಳೆದೆ, ಮುಂದೆಯೂ ಹಾಗೆಯೇ ಮಾಡುತ್ತೇನೆ. ಆ ಮನೆಯಲ್ಲಿ ದಾಂಪತ್ಯದ ಸಮಸ್ಯೆ ಇದ್ದದ್ದು ಗೋಣಿಚೀಲದ ಮೇಲೆ, ಕಂಬದ ಬುಡದಲ್ಲಿ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಹೊಂದಿಕೊಂಡು ಹೋಗಿ ಎಂದು ಕಳುಹಿಸಿದ್ದರೆ ಆಕೆ ಇನ್ನಷ್ಟು ದಣಿದು, ತನ್ನನ್ನೇ ಹಳಿದುಕೊಂಡು ಮತ್ತೆ ಬರುತ್ತಿದ್ದರು. ಸಿಟ್ಟಿಗೆ ಕಾರಣ ನ್ಯಾಯವಾದದ್ದೇ ಎಂದಾದರೆ ಸಿಟ್ಟನ್ನು ಇಳಿಸುವುದು ನನ್ನ ಕೆಲಸವಲ್ಲ. ಪೊರಕೆ ಎತ್ತಿದ್ದು ತಪ್ಪು, ಅದನ್ನೂ ಆಕೆಗೆ ಹೇಳಿದ್ದೇನೆ. ಆ ಪೊರಕೆ ಸದಾ ಒಬ್ಬರ ಕೈಯಲ್ಲೇ ಇರುವಂತೆ ಮಾಡಿದವರ ಪಾಲನ್ನೂ ಹೇಳಲೇಬೇಕಾಗಿತ್ತು.

ದೀಪಾವಳಿಯ ಹೊತ್ತಿಗೆ ಮರಿ ತಾನಾಗಿ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಅಡಿಕೆಯ ಕೊನೆಕೊಯ್ಲು ಜೋರಾದಾಗ ಗಂಡ ತೋಟ, ಚಪ್ಪರ ಎಂದು ಓಡಾಡಿ ಪಾಳಿ ತಪ್ಪಿಸಿದರು, ಒಳಗೆ ಮತ್ತೆ ಒದ್ದೆಯಾಯಿತು. ಈ ಸಲ ಫೋನ್ ಮಾಡಿದ್ದು ಅವರೇ. ಹಿಂದಿನ ವೇಳಾಪಟ್ಟಿಗೇ ಕೆಲವು ದಿನ ಮರಳಿ, ಆಗದ ಹೊತ್ತಿಗೆ ಯಾರು ಹೋಗಬೇಕೆಂದು ಮುಂಚೆಯೇ ಹೇಳಿಡಿ ಎಂದೆ. ಕಳೆದ ವಾರ ಸಾಗರದ ಕಡೆಯಿಂದ ಇನ್ನೊಬ್ಬರು ಫೋನ್ ಮಾಡಿ, ಮರಿ ಬಂದ ಮೇಲೆ ಹೆಂಡತಿಯ ಸಿಟ್ಟು ಹೆಚ್ಚಾಗಿದೆ, ಆಕೆಗೊಂದು ಸಮಯ ಕೊಡಿ ಎಂದು ಕೇಳಿದರು. ಇಬ್ಬರೂ ಒಟ್ಟಿಗೆ ಬನ್ನಿ ಎಂದು ಹೇಳಿದ್ದೇನೆ.