ಕವಳದ ಸಂಚಿಯಲ್ಲಿ ಮೂರು ಚೀಟಿ

ಹೊಸನಗರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ಅವರ ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಮೂರೂ ಇವೆ. ಶಿವಮೊಗ್ಗದ ತಜ್ಞರು ಬರೆದುಕೊಟ್ಟ ಎರಡು ಮಾತ್ರೆಗಳನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ನಿಲ್ಲಿಸಿಬಿಟ್ಟರಂತೆ. ‘ಬರೀ ಎಂಬಿಬಿಎಸ್ ಓದಿದವರಿಗೆ ಈ ಅಧಿಕಾರ ಕೊಟ್ಟವರಾರು? ಹಳ್ಳಿಗೂ ತಜ್ಞರು ಬೇಕೆಂದು ನೀವೇಕೆ ಬರೆಯುವುದಿಲ್ಲ?’

ತಜ್ಞರು ಬೇಕು, ಒಪ್ಪಿದೆ. ಆದರೆ ಆ ‘ಬರೀ’ ನನಗೆ ಚುಚ್ಚಿತು.

ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಮ್ಮನಿಗೆ ಸಕ್ಕರೆಗೊಬ್ಬರು, ಬಿಪಿಗೊಬ್ಬರು, ಮಂಡಿಗೊಬ್ಬರು ಡಾಕ್ಟರು. ಮೂರು ಚೀಟಿಯ ಮಾತ್ರೆಗಳೂ ಕವಳದ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕ. ಸಕ್ಕರೆಯ ದೊಡ್ಡ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ಅಡಕತ್ತರಿಯಲ್ಲಿ ಹೋಳು ಮಾಡಿ ನುಂಗುತ್ತಿದ್ದಳು. ಅದು ನಿಧಾನವಾಗಿ ಕರಗಲೆಂದೇ ಮಾಡಿದ್ದು, ಕತ್ತರಿಸಬಾರದು. ಯಾರೂ ಹೇಳಿರಲಿಲ್ಲ. ಮಂಡಿಯವರ ನೋವಿನ ಗುಳಿಗೆಗೆ ಬಿಪಿ ಏರಿತು. ಬಿಪಿಯವರು ಮೂತ್ರ ಹೋಗುವ ಮಾತ್ರೆಯೊಂದನ್ನು ಸೇರಿಸಿದರು. ಎರಡೂ ಕೂಡಿ ಕಿಡ್ನಿಗೆ ಪೆಟ್ಟು ಕೊಟ್ಟವು. ಅವರವರ ಪಾಲಿನ ಅಂಗಕ್ಕೆ ಎಲ್ಲರೂ ನ್ಯಾಯ ಸಲ್ಲಿಸಿದ್ದರು ಅನ್ನಿ! ಕೊನೆಗೆ ಸಂಚಿಯನ್ನು ಮೇಜಿನ ಮೇಲೆ ಕೊಡವಿಸಿ, ಒಂದೊಂದೇ ಮಾತ್ರೆ ಎತ್ತಿ ‘ಇದು ಯಾಕೆ?’ ಎಂದು ಕೇಳಿದವರು ಊರಿನ ‘ಬರೀ’ ಡಾಕ್ಟರೇ.

2005ರಲ್ಲಿ ಅಮೆರಿಕದ ವೈದ್ಯರ ಗುಂಪೊಂದು 79ರ ಅಜ್ಜಿಯೊಬ್ಬಳನ್ನು ಕಲ್ಪಿಸಿಕೊಂಡು, ಅವಳಿಗೆ ಐದು ಕಾಯಿಲೆ ಅಂಟಿಸಿ, ಒಂದೊಂದಕ್ಕೂ ಮಾರ್ಗಸೂಚಿಯಂತೆಯೇ ಬರೆದರೆ ಏನಾದೀತೆಂದು ಲೆಕ್ಕ ಹಾಕಿತು. 12 ಔಷಧ, ದಿನಕ್ಕೆ 19 ಡೋಸು. ಪಾಪ, ಆ ಅಜ್ಜಿಗೆ ಊಟಕ್ಕೆ ಪುರುಸೊತ್ತೆಲ್ಲಿ? 2012ರಲ್ಲಿ ಸ್ಕಾಟ್ಲೆಂಡಿನ ಹದಿನೇಳೂವರೆ ಲಕ್ಷ ಜನರ ದಾಖಲೆ ನೋಡಿದಾಗ, ಹೀಗೆ ಕಾಯಿಲೆ ಮೇಲೆ ಕಾಯಿಲೆ ಸೇರುವುದು ಬಡವರ ಬಡಾವಣೆಗಳಲ್ಲಿ 10ರಿಂದ 15 ವರ್ಷ ಮೊದಲೇ ಎಂದು ಗೊತ್ತಾಯಿತು. ಅಂಥವರು ಮೊದಲು ಬರುವುದು ಊರ ಆಸ್ಪತ್ರೆಗೇ ತಾನೆ?

ಆದರೆ ಅಲ್ಲಿನ ಡಾಕ್ಟರನ್ನು ಒಂದೂರಲ್ಲಿ ಎರಡು ಮಳೆಗಾಲ ನಿಲ್ಲಗೊಡುತ್ತೇವೆಯೇ? ಯಾರ ಮನೆಯಲ್ಲಿ ಉಪ್ಪಿನಕಾಯಿ ಜಾಸ್ತಿ ಎಂದು ತಿಳಿಯುವಷ್ಟರಲ್ಲಿ ವರ್ಗವಾಗುತ್ತದೆ, ಇಲ್ಲವೇ ಗುತ್ತಿಗೆ ಮುಗಿಯುತ್ತದೆ. ಪತ್ರಿಕೆಯವರಾದ ನಾವೂ ಕಡಿಮೆಯಿಲ್ಲ. ಆರೋಗ್ಯದ ಪುಟದಲ್ಲಿ ಈ ವಾರ ಸಕ್ಕರೆ, ಮುಂದಿನ ವಾರ ಮಂಡಿ. ಎರಡೂ ಇದ್ದವರಿಗೆ ಯಾವ ವಾರವೂ ಇಲ್ಲ.

ನಿಂತ ಮಾತ್ರೆಗಳು ಯಾವುವೆಂದು ನೀವು ಬರೆದಿಲ್ಲ. ಒಂದು ನೋವಿನ ಗುಳಿಗೆ ಇದ್ದೀತೆಂದು ನನ್ನ ಊಹೆ. ಅತ್ತೆಯವರನ್ನೂ ಎಲ್ಲ ಚೀಟಿಗಳನ್ನೂ ಕರಕೊಂಡು ಆ ಡಾಕ್ಟರ ಬಳಿಯೇ ಹೋಗಿ, ಯಾಕೆ ನಿಲ್ಲಿಸಿದಿರಿ ಎಂದು ಕೇಳಿ. ಸಂತೆಯ ದಿನ ಮಾತ್ರ ಬೇಡ, ವಿಪರೀತ ರಶ್ಶು.