ಪ್ಯಾರಿಸ್ಸಿನಲ್ಲಿ ಭಾನುವಾರದ ಬ್ರಂಚ್: ಮನೆಮಂದಿಯೆಲ್ಲ ಹೊರಡುವ ಮುನ್ನ

ಮಕ್ಕಳನ್ನು ನೋಡಲು ಫ್ರಾನ್ಸಿಗೆ ಹೊರಟವರಿಂದ ಈ ಬಾರಿ ಊಟ–ತಿಂಡಿಯ ಪ್ರಶ್ನೆಗಳೇ ಹೆಚ್ಚು ಬಂದಿವೆ. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಮಗ ಪ್ಯಾರಿಸ್ಸಿನಲ್ಲಿದ್ದಾನೆ. ನಾವಿಬ್ಬರು, ಮಗ–ಸೊಸೆ, ಇಬ್ಬರು ಮೊಮ್ಮಕ್ಕಳು ಒಂದು ಭಾನುವಾರ ತಿಂಡಿ–ಊಟ ಎರಡೂ ಸೇರಿದ ಬ್ರಂಚ್‌ಗೆ ಹೋಗುವ ಯೋಚನೆಯಿದೆ. ಎಷ್ಟು ಹೊತ್ತಿಗೆ ಹೋಗಬೇಕು, ಖರ್ಚು ಎಷ್ಟಾದೀತು? — ಹಾಸನದ ಓದುಗರು

ಉತ್ತರ: ಶನಿವಾರ, ಭಾನುವಾರಗಳಲ್ಲಿ ಸುಮಾರು 11ರಿಂದ 3 ಗಂಟೆಯವರೆಗೆ ಬ್ರಂಚ್ ಇರುತ್ತದೆ. ಬೇಗ ಹೋದಷ್ಟೂ ಒಳ್ಳೆಯದು. ಎರಡೂವರೆಗೆ ಹೋದರೆ ಒಲೆ ಆರಿಸುವ ಗಡಿಬಿಡಿಯಲ್ಲಿರುತ್ತಾರೆ. ಬಹಳಷ್ಟು ಕಡೆ ಅಡುಗೆಮನೆ ಮತ್ತೆ ತೆರೆಯುವುದು ಸಂಜೆ ಏಳರ ಮೇಲೆ, ಕೆಲವೆಡೆ ಭಾನುವಾರ ಸಂಜೆ ತೆರೆಯುವುದೇ ಇಲ್ಲ. ಆರು ಜನಕ್ಕೆ ಒಂದೇ ಮೇಜು ಬೇಕೆಂದರೆ ಮೂರ್ನಾಲ್ಕು ದಿನ ಮೊದಲೇ ಕಾಯ್ದಿರಿಸಿ. ಅಲ್ಲಿನ ಜಾಗ ಚಿಕ್ಕದು, ಮೇಜುಗಳು ಇಬ್ಬರಿಗೆಂದೇ ಮಾಡಿದವು. ಬ್ರಂಚ್‌ಗೆ ಕಾಯ್ದಿರಿಸುವುದೇ ಇಲ್ಲ ಎನ್ನುವ ಹೋಟೆಲುಗಳೂ ಇವೆ. ಅಂಥ ಕಡೆ ಬಾಗಿಲು ತೆರೆಯುವ ಹತ್ತು ನಿಮಿಷ ಮೊದಲೇ ಸಾಲಿನಲ್ಲಿ ನಿಲ್ಲಬೇಕು. ಕಾಯ್ದಿರಿಸಿದ್ದರೆ ಹದಿನೈದು ನಿಮಿಷಕ್ಕಿಂತ ತಡ ಮಾಡಬೇಡಿ, ಮೇಜು ಬೇರೆಯವರ ಪಾಲಾಗುತ್ತದೆ.

ಸಾಮಾನ್ಯವಾಗಿ ‘ಫೊರ್ಮ್ಯುಲ್’ ಎಂಬ ನಿಗದಿತ ಸೆಟ್ ಇರುತ್ತದೆ. ಒಂದು ಬಿಸಿ ಪಾನೀಯ, ಜ್ಯೂಸ್, ಬ್ರೆಡ್ ಮತ್ತು ಕ್ರೋಸಾಂ (ಪದರಪದರದ ಬೆಣ್ಣೆ ಬನ್ನು) ಇರುವ ಬುಟ್ಟಿ, ಬೆಣ್ಣೆ–ಜಾಮ್, ಮೊಟ್ಟೆಯ ಒಂದು ತಟ್ಟೆ, ಕೊನೆಗೆ ಸಿಹಿ. ತಲೆಗೆ 25ರಿಂದ 35 ಯೂರೋ ಎಂದು ಲೆಕ್ಕ ಹಾಕಿ. ದೊಡ್ಡ ಐಷಾರಾಮಿ ಹೋಟೆಲುಗಳಲ್ಲಿ ನೂರು ದಾಟುತ್ತದೆ. ಒಂದು ಸೆಟ್ ತೆಗೆದುಕೊಂಡು ಇಬ್ಬರು ಹಂಚಿಕೊಳ್ಳಲು ಹೆಚ್ಚಿನವರು ಒಪ್ಪುವುದಿಲ್ಲ. ಆ ತಟ್ಟೆಯ ಮೊಟ್ಟೆಯ ಜೊತೆ ಸಾಲ್ಮನ್ ಮೀನೋ ಬೇಕನ್ ಎಂಬ ಹಂದಿ ಮಾಂಸವೋ ಇರುತ್ತದೆ. ಸಸ್ಯಾಹಾರಿಗಳು ಅರ್ಧ ಸೆಟ್ ಪಕ್ಕಕ್ಕಿಟ್ಟು ಪೂರ್ತಿ ದುಡ್ಡು ಕೊಟ್ಟು ಬರುತ್ತಾರೆ.

ಪ್ರಶ್ನೆ: ಯಜಮಾನರು ಮೊಟ್ಟೆ ತಿನ್ನುತ್ತಾರೆ, ನಾನು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ‘ವೆಜಿಟೇರಿಯನ್’ ಎಂದು ಹೇಳಿದರೆ ಸಾಲದೇ? — ಮೈಸೂರಿನ ಓದುಗರು

ಉತ್ತರ: ಸಾಲದು. ಅಲ್ಲಿ ಸಸ್ಯಾಹಾರವೆಂದರೆ ಮೊಟ್ಟೆ, ಚೀಸ್ ಸೇರಿದ ಊಟ. ಕೆಲವರು ಮೀನನ್ನೂ ಅದರೊಳಗೆ ಸೇರಿಸಿಬಿಡುತ್ತಾರೆ. ಮಾಂಸ, ಹ್ಯಾಮ್ (ಹಂದಿಯ ತೊಡೆ ಮಾಂಸ), ಮೀನು, ಮೊಟ್ಟೆ, ಮಾಂಸದ ಸಾರ, ಜೆಲಟಿನ್ (ಪ್ರಾಣಿಯ ಮೂಳೆ–ಚರ್ಮದಿಂದ ಮಾಡುವ ಅಂಟು) ಇವು ಒಂದೂ ಬೇಡವೆಂದು ಹೆಸರು ಹೆಸರಾಗಿ ಅಲ್ಲಿರುವ ಮಕ್ಕಳಿಂದ ಫ್ರೆಂಚಿನಲ್ಲಿ ಒಂದು ಚೀಟಿ ಬರೆಸಿಟ್ಟುಕೊಂಡು ಸರ್ವರ್ ಕೈಗೇ ಕೊಡಿ.

ಇನ್ನೊಂದು ಉಪಾಯವಿದೆ. 14 ಬಗೆಯ ಅಲರ್ಜಿಕಾರಕಗಳ ಪೈಕಿ ಯಾವ ತಿನಿಸಿನಲ್ಲಿ ಯಾವುದಿದೆ ಎಂಬ ವಿವರವನ್ನು ಹೋಟೆಲಿನವರು ಬರಹದಲ್ಲಿ ಇಟ್ಟಿರಲೇಬೇಕು, ಕೇಳಿದರೆ ತೋರಿಸುತ್ತಾರೆ. ಅದರಲ್ಲಿ ಮೊಟ್ಟೆ, ಹಾಲು, ಮೀನು, ಸೀಗಡಿಯಂಥವು ಬರುತ್ತವೆ. ಆದರೆ ದನ, ಹಂದಿ, ಜೆಲಟಿನ್ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಮೊಟ್ಟೆ ಇದೆಯೋ ಇಲ್ಲವೋ ಎಂಬುದಕ್ಕೆ ಪಟ್ಟಿ ನೋಡಿ, ಮಾಂಸದ ವಿಷಯಕ್ಕೆ ಬಾಯಿಬಿಟ್ಟು ಕೇಳಿ.

ನೋಡಲು ತರಕಾರಿಯಂತಿದ್ದು ಮೋಸ ಮಾಡುವ ತಿನಿಸುಗಳಿವೆ. ಈರುಳ್ಳಿ ಸೂಪು ಸಾಮಾನ್ಯವಾಗಿ ದನದ ಮೂಳೆಯ ಸಾರಿನಲ್ಲಿ ಕುದಿದಿರುತ್ತದೆ. ಬಿಸಿ ಮೇಕೆ ಚೀಸಿನ ಸಲಾಡಿಗೆ ಎಷ್ಟೋ ಕಡೆ ‘ಲಾರ್ದೊಂ’ ಎಂಬ ಹಂದಿ ಮಾಂಸದ ಚೂರು ಉದುರಿಸುತ್ತಾರೆ. ಹುರಿದ ಆಲೂಗೆಡ್ಡೆಗೆ ಕೆಲವೆಡೆ ಬಾತುಕೋಳಿಯ ಕೊಬ್ಬು ಬಳಸುತ್ತಾರೆ. ಕೀಶ್ ಎಂಬ ಖಾರದ ಕಡುಬಿನ ಹೂರಣವೇ ಮೊಟ್ಟೆ ಮತ್ತು ಕ್ರೀಮು. ಸಿಹಿಗಳ ಪೈಕಿ ಕ್ರೆಮ್ ಬ್ರೂಲೆಯಲ್ಲಿ ಹಳದಿ ಲೋಳೆ, ಚಾಕೊಲೇಟ್ ಮೂಸ್‌ನಲ್ಲಿ ಹಸಿ ಮೊಟ್ಟೆ, ಪನ್ನಾಕೋಟಾದಲ್ಲಿ ಜೆಲಟಿನ್. ಕ್ರೋಸಾಂ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ, ಆದರೆ ಮೇಲಿನ ಹೊಳಪು ಬರುವುದು ಮೊಟ್ಟೆ ಸವರಿದ್ದರಿಂದ. ಬ್ರಿಯೋಶ್ ಎಂಬ ಮೆತ್ತನೆಯ ಬ್ರೆಡ್ಡಿನ ಹಿಟ್ಟಿಗೇ ಮೊಟ್ಟೆ ಹಾಕಿ ನಾದುತ್ತಾರೆ. ಕೋಂತೆ, ರೋಕ್‌ಫೋರ್ ಮುಂತಾದ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನಂಥ ಎಳೆಯ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಚೀಸ್ ಬಿಡುವುದೇ ನೇರ ದಾರಿ.

ನಿಮಗೆ ಹೊಂದುವುದು ಬ್ರಂಚ್ ಸೆಟ್ಟಿಗಿಂತ ಕ್ರೆಪ್ರಿ, ಅಂದರೆ ದೋಸೆಯಂಥ ಗಲೆಟ್, ಕ್ರೆಪ್‌ಗಳನ್ನು ಮಾಡಿಕೊಡುವ ಹೋಟೆಲು. ಗಲೆಟ್‌ನ ತವರಾದ, ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದ ರೈಲುಗಳು ಬಂದು ನಿಲ್ಲುವ ಮೋಂಪರ್ನಾಸ್ ನಿಲ್ದಾಣದ ಸುತ್ತ ಇಂಥವು ಸಾಲುಸಾಲಾಗಿವೆ. ಅಲ್ಲಿ ಗಲೆಟ್ ಸಿಗುತ್ತದೆ. ನಮ್ಮ ಉತ್ತರದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟಿದೆಯಲ್ಲ, ಅದನ್ನೇ ನೀರು, ಉಪ್ಪು ಸೇರಿಸಿ ಕಲಸಿ, ದುಂಡನೆಯ ಕಾವಲಿಯ ಮೇಲೆ ಮರದ ಕೋಲಿನಿಂದ ದೋಸೆಯಂತೆ ತೆಳ್ಳಗೆ ಎಳೆಯುತ್ತಾರೆ. ಈ ಹಿಟ್ಟಿಗೆ ಅಂಟು ಕಡಿಮೆ, ಬೇಗ ಹರಿಯುತ್ತದೆ. ಅದಕ್ಕೇ ಕೆಲವರು ಒಂದು ಮೊಟ್ಟೆ ಒಡೆದು ಹಾಕುತ್ತಾರೆ, ಇನ್ನು ಕೆಲವರು ಗೋಧಿ ಹಿಟ್ಟು ಬೆರೆಸುತ್ತಾರೆ. ಹಿಟ್ಟಿನಲ್ಲೇ ಮೊಟ್ಟೆ ಇದೆಯೇ ಎಂದು ಮೊದಲು ಕೇಳಿ. ಇಲ್ಲವೆಂದರೆ ಅಣಬೆ, ಈರುಳ್ಳಿ, ಟೊಮೆಟೊ ಹಾಕಿಸಿಕೊಳ್ಳಿ. ‘ಕೊಂಪ್ಲೆಟ್’ ಬೇಡ, ಅದರಲ್ಲಿ ಹ್ಯಾಮ್, ಮೊಟ್ಟೆ, ಚೀಸ್ ಮೂರೂ ಇರುತ್ತವೆ. ಕಾವಲಿ ಮತ್ತು ಮಗುಚುವ ಕೈ ಎಲ್ಲದಕ್ಕೂ ಒಂದೇ. ಅಷ್ಟು ಮಡಿ ಬೇಕೆನ್ನುವವರಿಗೆ ಗಲೆಟ್ ಆಗದು. ಸಿಹಿ ಕ್ರೆಪ್ ಗೋಧಿ ಹಿಟ್ಟಿನದು, ಅದರಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಅದನ್ನು ನಿಮ್ಮ ಯಜಮಾನರಿಗೆ ಬಿಡಿ.

ಬೇರೆ ಹೋಟೆಲಿನಲ್ಲಾದರೆ ರಾತಾತೂಯ್ ಕೇಳಿ: ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿ, ಝುಕಿನಿಗಳನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ್ದು. ಜೊತೆಗೆ ಬಗೆತ್ ಎಂಬ ಸಾಂಪ್ರದಾಯಿಕ ಉದ್ದ ಬ್ರೆಡ್. 1993ರ ಸರ್ಕಾರಿ ನಿಯಮದ ಪ್ರಕಾರ ‘ತ್ರಾದಿಸಿಯೋಂ’ ಎಂದು ಮಾರುವ ಬ್ರೆಡ್ಡಿಗೆ ಮೂಲವಾಗಿ ಹಿಟ್ಟು, ನೀರು, ಉಪ್ಪು, ಹುದುಗು ಇಷ್ಟೇ.

ಪ್ರಶ್ನೆ: ಐದು ಮತ್ತು ಎಂಟು ವರ್ಷದ ಮಕ್ಕಳಿಗೆ ಏನು ಕೊಡಿಸಬಹುದು? — ಹುಬ್ಬಳ್ಳಿಯ ಓದುಗರು

ಉತ್ತರ: ಮಕ್ಕಳ ಸೆಟ್ ಎಂದು ಬರುವುದರಲ್ಲಿ ಹೆಚ್ಚಾಗಿ ‘ಸ್ಟೆಕ್ ಆಶೆ’ ಇರುತ್ತದೆ, ಅದು ದನದ ಮಾಂಸ. ಇಲ್ಲದಿದ್ದರೆ ಹ್ಯಾಮ್ ಅಥವಾ ಕೋಳಿಮಾಂಸದ ನಗೆಟ್, ಪಕ್ಕಕ್ಕೆ ಆಲೂ ಫ್ರೈ. ಬೆಣ್ಣೆ ಹಾಕಿದ ಸಣ್ಣ ಪಾಸ್ತಾ ಕೇಳಿದರೆ ಬಹುಪಾಲು ಕಡೆ ಮಾಡಿಕೊಡುತ್ತಾರೆ. ಹ್ಯಾಮ್ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು, ಅವರ ವಾಡಿಕೆಯಲ್ಲಿ ಪಾಸ್ತಾ, ಹ್ಯಾಮ್ ಎರಡೂ ಜೋಡಿ. ಮೊಟ್ಟೆ ತಿನ್ನುವ ಮಕ್ಕಳಾದರೆ ಸಕ್ಕರೆ ಉದುರಿಸಿದ ಕ್ರೆಪ್‌ಗೆ ಜಗಳವೇ ಇಲ್ಲ.

ಪ್ರಶ್ನೆ: ನಮ್ಮಂಥ ಕಾಫಿ ಸಿಗುತ್ತದೆಯೇ? ನೀರಿಗೂ ದುಡ್ಡು ಕೊಡಬೇಕಂತೆ, ಹೌದೇ? — ಚಿಕ್ಕಮಗಳೂರಿನ ಓದುಗರು

ಉತ್ತರ: ಬರೀ ‘ಕಾಫೆ’ ಎಂದರೆ ಚಿಕ್ಕ ಬಟ್ಟಲಿನಲ್ಲಿ ಕಪ್ಪು ಎಸ್‌ಪ್ರೆಸೊ ಬರುತ್ತದೆ. ಹಾಲು ಬೇಕಾದರೆ ‘ಕಾಫೆ ಕ್ರೆಮ್’ ಎನ್ನಿ. ಕಾಫಿ ಗಟ್ಟಿಯಾಗಿಯೇ ಇರಲಿ, ಹಾಲು ತುಸು ಸಾಕು ಎನ್ನುವವರಿಗೆ ‘ನ್ವಾಜೆಟ್’.

ಬಾಟಲಿ ನೀರಿಗೆ ದುಡ್ಡು. ‘ಉನ್ ಕರಾಫ್ ದೊ’ ಎಂದರೆ ನಲ್ಲಿ ನೀರನ್ನು ಜಗ್ಗಿನಲ್ಲಿ ತಂದಿಡುತ್ತಾರೆ, ಅದು ಉಚಿತ. ಕುಡಿಯಲು ಯೋಗ್ಯವೂ ಹೌದು. ಊಟದ ಜೊತೆಗಿನ ಸಾದಾ ಬ್ರೆಡ್ಡಿಗೂ ಬೇರೆ ಬೆಲೆಯಿಲ್ಲ.

ಪ್ರಶ್ನೆ: ತಿಂದು ಮುಗಿಸಿ ಅರ್ಧ ಗಂಟೆ ಕೂತರೂ ಬಿಲ್ ಬರುವುದಿಲ್ಲವಂತೆ. ಟಿಪ್ಸ್ ಎಷ್ಟು ಕೊಡಬೇಕು? — ದಾವಣಗೆರೆಯ ಓದುಗರು

ಉತ್ತರ: ಕೇಳದೆ ಬಿಲ್ ತಂದಿಟ್ಟರೆ ‘ಎದ್ದು ಹೋಗಿ’ ಎಂದಂತಾಗುತ್ತದೆ ಎಂಬುದು ಅಲ್ಲಿನವರ ಭಾವನೆ. ಸರ್ವರ್ ಕಡೆ ನೋಡಿ ತುಸು ಕೈ ಎತ್ತಿ ‘ಲಾದಿಸಿಯೋಂ, ಸಿಲ್ ವು ಪ್ಲೆ’ ಎನ್ನಿ. ಚಿಟಿಕೆ ಹೊಡೆಯುವುದು, ದೂರದಿಂದ ಕೂಗುವುದು ಬೇಡ. ಒಳಗೆ ಕಾಲಿಟ್ಟಾಗ ‘ಬೊಂಜೂರ್’ ಹೇಳಿದವರಿಗೆ ಈ ಹೊತ್ತಿನಲ್ಲೂ ಬೇಗ ಗಮನ ಸಿಗುತ್ತದೆ. ಮೆನು ಕಾರ್ಡಿನಲ್ಲಿ ನಮೂದಿಸಿದ ಬೆಲೆಯಲ್ಲಿ ಸರ್ವಿಸ್ ಸೇರಿರಬೇಕೆಂಬುದು ಕಾನೂನು. ಅದರ ಮೇಲೆ ಶೇಕಡಾವಾರು ಲೆಕ್ಕ ಹಾಕಿ ಕೊಡುವ ಅಗತ್ಯವಿಲ್ಲ. ಉಪಚಾರ ಹಿಡಿಸಿದ್ದರೆ ಎರಡು–ಮೂರು ಯೂರೋ ನಾಣ್ಯ ಮೇಜಿನ ಮೇಲಿಡಿ. ಕಾರ್ಡ್ ಯಂತ್ರವೇ ಟಿಪ್ಸ್ ಕೇಳಿದರೆ ಸಂಕೋಚವಿಲ್ಲದೆ ಬೇಡವೆಂದು ಒತ್ತಿ.